ಗದಗಿನ ಅಫಿಡವಿಟ್ಟು, ಚೆನ್ನೈನ ಕಿಟಕಿ

ಮೂವತ್ತೆರಡು ವರ್ಷ ಕಂದಾಯ ಇಲಾಖೆಯಲ್ಲಿ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಜನರ ಅರ್ಜಿಗಳಲ್ಲಿ ಖಾಲಿ ಬಿಟ್ಟ ಕಾಲಂ ಹುಡುಕುವುದೇ ನನ್ನ ಹೊಟ್ಟೆಪಾಡಾಗಿತ್ತು. ವಾರಸಾ ಅರ್ಜಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಬಿಟ್ಟುಹೋಗಿದ್ದರೆ ವಂಶಾವಳಿಯ ಮೇಲೆ ಕಣ್ಣಾಡಿಸುತ್ತಲೇ ನನಗೆ ವಾಸನೆ ಬಡಿಯುತ್ತಿತ್ತು. ಇಂಥ ನಾನು, ನನ್ನ ಹೆಂಡತಿಯ ಪರವಾಗಿ ಹದಿನಾರು ವರ್ಷದ ಹಿಂದೆ ನನ್ನ ಕೈಯಾರೆ ಬರೆದ ಕಾಗದವೊಂದನ್ನು ಪೂರ್ತಿ ಮರೆತಿದ್ದೆ.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಮಗಳನ್ನು ಹಾವೇರಿಗೆ ಕೊಟ್ಟಿದ್ದೇವೆ. ಮಗ 2016ರಲ್ಲಿ ಎಂ.ಎಸ್. ಓದಲು ಅಮೆರಿಕಕ್ಕೆ ಹೋದವನು ಅಲ್ಲೇ ನೌಕರಿ ಹಿಡಿದ; 2019ರಿಂದ ಎಚ್-1ಬಿ ಎಂಬ ತಾತ್ಕಾಲಿಕ ನೌಕರಿ ವೀಸಾ, ಊರು ಟೆಕ್ಸಾಸ್‌ನ ಡಲ್ಲಾಸ್. ಸೊಸೆ ಬಸುರಿ ಎಂಬ ಸುದ್ದಿ 2023ರ ಮಳೆಗಾಲದಲ್ಲಿ ಬಂತು. ಬಾಣಂತನಕ್ಕೆ ಬೀಗಿತಿಯೇ ಹೋಗುವುದೆಂದು ಮಾತಾಯಿತು, ಅವರ ಬಳಿ ಮೊದಲೇ ವೀಸಾ ಇತ್ತು. ಆಮೇಲೆ ಕೂಸನ್ನು ನೋಡಲು ನಾವು. ಪ್ರವಾಸಿ ವೀಸಾಕ್ಕೆ ತಲೆಗೆ 185 ಡಾಲರ್ ಶುಲ್ಕ, ಎಂದರೆ ಆಗಿನ ದರದಲ್ಲಿ ಹದಿನೈದು ಸಾವಿರ ರೂಪಾಯಿಯ ಮೇಲೆ, ಕಟ್ಟಿದ ಮೇಲೆ ಚೆನ್ನೈನಲ್ಲಿ ಸಿಕ್ಕ ಸಂದರ್ಶನದ ದಿನ 2024ರ ಆಗಸ್ಟ್ ತಿಂಗಳಿನದು. ಸೊಸೆಯ ದಿನ ತುಂಬುವುದಕ್ಕಿಂತ ನಮ್ಮ ಪಾಳಿ ತುಂಬುವುದು ತಡ.

ಅರ್ಜಿಯ ಹೆಸರು ಡಿಎಸ್-160. ತುಂಬಿದ್ದು ಹುಬ್ಬಳ್ಳಿಯ ಒಬ್ಬ ಏಜೆಂಟ್. ಮೊದಲ ಪುಟದಲ್ಲೇ ಒಂದು ತಮಾಷೆ. ನನ್ನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಕಾಲಂ ಖಾಲಿ ಇದೆ. ಅಮೆರಿಕದವರಿಗೆ ಅಡ್ಡಹೆಸರಿಲ್ಲದ ಮನುಷ್ಯ ನಡೆಯುವುದಿಲ್ಲವಾದ್ದರಿಂದ ಅವಳ ಹೆಸರನ್ನೇ ಅಡ್ಡಹೆಸರಿನ ಜಾಗಕ್ಕೆ ಸರಿಸಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಹಾಕಬೇಕಂತೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. "ತೊಟ್ಟಿಲಲ್ಲಿ ಹಾಕಿ ಹೆಸರಿಟ್ಟ ಅತ್ತೆ ಇನ್ನೂ ಬೆಟಗೇರಿಯಲ್ಲಿ ಬದುಕಿದ್ದಾಳೆ, ಬೇಕಾದರೆ ಕೇಳಲಿ" ಎಂದಳು ಇವಳು.

ಮುಂದಿನ ಪುಟಗಳಲ್ಲಿ ಬಂಧುಗಳ ವಿಚಾರ. ಅಮೆರಿಕದಲ್ಲಿ ನಿಮ್ಮ ಹತ್ತಿರದ ಸಂಬಂಧಿಕರು ಯಾರಿದ್ದಾರೆ, ಅವರ ಅಲ್ಲಿನ ಸ್ಥಾನಮಾನವೇನು? ಹತ್ತಿರದವರೆಂದರೆ ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು. ತಂದೆ-ತಾಯಿಯದು ಬೇರೆ ಪ್ರಶ್ನೆ. ಒಬ್ಬೊಬ್ಬರ ಮುಂದೆಯೂ ಆರಿಸಿಕೊಳ್ಳಬೇಕು: ನಾಗರಿಕ, ಗ್ರೀನ್ ಕಾರ್ಡಿನ ಕಾಯಂ ನಿವಾಸಿ, ತಾತ್ಕಾಲಿಕ ವೀಸಾದವನು, ಅಥವಾ 'ಇತರೆ, ಗೊತ್ತಿಲ್ಲ'. ಮಗನ ಮುಂದೆ ತಾತ್ಕಾಲಿಕ ಎಂದು ಬಿತ್ತು. ನನ್ನ ಭಾವಮೈದುನ, ಎಂದರೆ ಇವಳ ತಮ್ಮ, 1994ರಲ್ಲೇ ಹೋಗಿ ಸ್ಯಾನ್ ಹೋಸೆಯಲ್ಲಿ ನೆಲೆಸಿದವನು. 2007ರಲ್ಲಿ ನಾಗರಿಕನಾದ. ಅವನ ಮುಂದೆ ನಾಗರಿಕ ಎಂದು ಬಿತ್ತು. ಮಗನ ಮನೆಯಲ್ಲಿ ಹುಟ್ಟಿನಿಂದಲೇ ಅಮೆರಿಕದವನಾಗುವ ಮೊಮ್ಮಗನನ್ನು ಮಾತ್ರ ಅರ್ಜಿ ಕೇಳುವುದೇ ಇಲ್ಲ.

ಮಗನ ಎಚ್-1ಬಿಯಿಂದ ನಮಗೆ ತೊಡಕಾದೀತೇ ಎಂಬುದೇ ಆಗ ನನಗಿದ್ದ ಅಳುಕು. ಓಣಿಯ ತಜ್ಞರೆಲ್ಲರ ಅಭಿಪ್ರಾಯ, ಮಗನಿಗೆ ಗ್ರೀನ್ ಕಾರ್ಡ್ ಇದ್ದಿದ್ದರೆ ನಮ್ಮ ಕೆಲಸ ಸಲೀಸಾಗುತ್ತಿತ್ತು ಎಂದು. ಕಾಯ್ದೆ ಓದಿದಂತೆಲ್ಲ ತಿಳಿದದ್ದು ಬೇರೆ. ತಂದೆ-ತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಲು ಅರ್ಜಿ ಹಾಕುವ ಹಕ್ಕಿರುವುದು 21 ವರ್ಷ ತುಂಬಿದ ನಾಗರಿಕ ಮಗನಿಗೆ ಮಾತ್ರ. ಗ್ರೀನ್ ಕಾರ್ಡಿನವನಿಗೆ ಆ ಹಕ್ಕಿಲ್ಲ, ಎಚ್-1ಬಿಯವನಿಗಂತೂ ದೂರದ ಮಾತು. ಆದ್ದರಿಂದ ಮಗ ಎಷ್ಟು ಕಚ್ಚಾ ನೆಲದ ಮೇಲೆ ನಿಂತಿದ್ದಾನೋ, ನಾವು ಅಲ್ಲಿ ಬೇರು ಬಿಡುವ ಅನುಮಾನವೂ ಅಷ್ಟು ಕಡಿಮೆ. ಅವನಾದರೂ ತನ್ನ ವೀಸಾ ಚೊಕ್ಕವಾಗಿ ಇಟ್ಟುಕೊಂಡಿರಬೇಕು, ಅಷ್ಟೇ. ನಮ್ಮ ಓಣಿಯಲ್ಲೇ ಒಬ್ಬರಿದ್ದಾರೆ. ಅವರ ಮಗನ ವೀಸಾ ಅವಧಿ ಎಂದೋ ಮುಗಿದಿದೆ, ಅವನು ಮರಳಿಲ್ಲ. ಮಗನ ಸ್ಥಾನಮಾನ ಕೇಳಿದರೆ ಅವರಿಗೆ 'ಗೊತ್ತಿಲ್ಲ' ಎಂಬುದನ್ನು ಒತ್ತುವ ಗತಿ. ಎರಡು ಸಲ ಹೋಗಿ ಎರಡು ಸಲವೂ ಬರಿಗೈಯಲ್ಲಿ ಬಂದರು. ಕಾರಣ ಅದೇ ಎಂದು ಅವರಿಗೆ ಯಾರೂ ಹೇಳಲಿಲ್ಲ. ವೀಸಾ ನಿರಾಕರಿಸಿದಾಗ ಎಲ್ಲರಿಗೂ ಕೊಡುವ ಹಾಳೆಯನ್ನೇ ಅವರಿಗೂ ಕೊಟ್ಟರು. ಮಗನ ಮದುವೆಯ ಮಾತೆತ್ತಿದರೆ ಆ ತಾಯಿ ಒಳಗೆದ್ದು ಹೋಗುತ್ತಾರೆ.

ಸಂದರ್ಶನಕ್ಕೆ ಮೂರು ವಾರ ಇದ್ದಾಗಿನ ಮಾತು. ಜಗುಲಿಯ ಮೇಲೆ ಕುಳಿತು ಏಜೆಂಟ್ ಕೊಟ್ಟ ಅರ್ಜಿಯ ಪ್ರತಿಯನ್ನು ಹಳೆಯ ಚಟದಂತೆ ಕೆಂಪು ಪೆನ್ನು ಹಿಡಿದು ಓದುತ್ತಿದ್ದೆ. 'ನಿಮ್ಮ ಪರವಾಗಿ ಯಾರಾದರೂ ಎಂದಾದರೂ ವಲಸೆ ಅರ್ಜಿ ಸಲ್ಲಿಸಿದ್ದಾರೆಯೇ?' ಇಲ್ಲ ಎಂದಿತ್ತು. ನಾನು ಟಿಕ್ ಹಾಕಿ ಮುಂದೆ ಹೋದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ರೀ, ನನ್ನ ತಮ್ಮನದೇನು ವಿಚಾರ ಬರೆದಿದ್ದಾರೆ?"

"ನಾಗರಿಕ ಎಂದು ಬರೆದಿದ್ದಾರೆ."

"ಅವನು ನನ್ನ ಹೆಸರಿನಲ್ಲಿ ಹಾಕಿದ್ದನಲ್ಲ, ಆ ಕಾಗದ? ಗದಗಿಗೆ ಹೋಗಿ ಮಾಡಿಸಿದ್ದೆವಲ್ಲ, ಬಿಸಿಲಿನಲ್ಲಿ. ನೀವೇ ಬರೆದಿರಿ."

ಎಲ್ಲ ಕಣ್ಣ ಮುಂದೆ ಬಂತು. 2008ರ ಬೇಸಿಗೆ, ಗದಗಿನ ಕೋರ್ಟಿನ ಆವರಣ, ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡ ಮುದುಕ. ಅಕ್ಕ-ತಮ್ಮ ಒಂದೇ ತಾಯಿಯ ಮಕ್ಕಳೆಂದು ಅಮೆರಿಕಕ್ಕೆ ತೋರಿಸಬೇಕಿತ್ತು. ಇವಳು ಹುಟ್ಟಿದ್ದು ಮನೆಯಲ್ಲಿ, ಪುರಸಭೆಯ ಜನನ ನೋಂದಣಿಯಲ್ಲಿ ಹೆಸರಿಲ್ಲ. ಶಾಲೆಯ ದಾಖಲೆಯಲ್ಲಿ, ಆ ಕಾಲದ ಅರ್ಧ ಊರಿನ ಮಕ್ಕಳಂತೆ, ಜೂನ್ 1. ಹೀಗಾಗಿ ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರ, ಅದರ ಜೊತೆಗೆ ಅತ್ತೆ ಮತ್ತು ಸೋದರಮಾವನ ಅಫಿಡವಿಟ್ಟು. ಟೈಪಿಸ್ಟನ ಇಂಗ್ಲಿಷು ನನಗೆ ಒಗ್ಗದೆ ಕರಡನ್ನು ನಾನೇ ಬರೆದುಕೊಟ್ಟಿದ್ದೆ. ಅದರ ಭಾಷೆಯ ಬಗ್ಗೆ ಆಗ ಹೆಮ್ಮೆಯೂ ಪಟ್ಟಿದ್ದೆ. ಟಪಾಲಿಗೆ ಹಾಕಿ, ಬರುವಾಗ ಮಿರ್ಚಿ ತಿಂದು, ಮರೆತಿದ್ದೆ.

ರಾತ್ರಿ ಸ್ಯಾನ್ ಹೋಸೆಗೆ ಫೋನ್ ಹಚ್ಚಿದೆ. ಭಾವಮೈದುನ ಹುಡುಕಿ ತೆಗೆದ: ಬಂಧುವನ್ನು ಕಾಯಂ ಆಗಿ ಕರೆಸಿಕೊಳ್ಳಲು ಹಾಕುವ ಅರ್ಜಿ ಐ-130, ರಸೀದಿ ಸಂಖ್ಯೆ ಡಬ್ಲ್ಯುಎಸಿ ಎಂಬ ಅಕ್ಷರಗಳಿಂದ ಶುರು, ಮಂಜೂರಾಗಿ ಪಾಳಿಯಲ್ಲಿದೆ. "ಮಾಮಾ, ನಾನೂ ಮರೆತಿದ್ದೆ" ಎಂದ. ನಾಗರಿಕರ ಒಡಹುಟ್ಟಿದವರ ವರ್ಗಕ್ಕೆ ಎಫ್4 ಎಂದು ಹೆಸರು. ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾ, ಒಂದು ದೇಶಕ್ಕೆ ಶೇಕಡಾ 7ರ ಮಿತಿ. ಯಾವ ವರ್ಷದವರ ಪಾಳಿ ಬಂತೆಂದು ಪ್ರತಿ ತಿಂಗಳೂ ಪಟ್ಟಿ ಹೊರಡುತ್ತದೆ. 2024ರಲ್ಲಿ ಭಾರತದವರ ಪೈಕಿ ನಡೆಯುತ್ತಿದ್ದದ್ದು 2006ರಲ್ಲಿ ಅರ್ಜಿ ಹಾಕಿದವರದು.

ನಾನು ಇದನ್ನೆಲ್ಲ ವಿವರಿಸಿದಾಗ ಇವಳಿಗೆ ಥಟ್ಟನೆ ತಿಳಿಯಿತು. ಮೊದಲು ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆ ಬರುವ ಹಿಂದಿನ ದಿನವೇ ಡಬ್ಬಿ ಇಟ್ಟು ಬರುತ್ತಿದ್ದರಲ್ಲ, ಹಾಗೆ. "ನಾನು ಮನೆಯಲ್ಲಿದ್ದೇನೆ, ನನ್ನ ಡಬ್ಬಿ ಅಲ್ಲಿ ನಿಂತಿದೆ."

ಈಗ ಆ ಡಬ್ಬಿಯ ವಿಚಾರ ಹೇಳಬೇಕೋ ಬೇಡವೋ? ಏಜೆಂಟ್ ಖಡಾಖಂಡಿತವಾಗಿ ಬೇಡ ಎಂದ. "ಸರ್, ಹೌದು ಎಂದು ಬರೆದರೆ ವೀಸಾ ಹೋಯಿತೆಂದೇ ಲೆಕ್ಕ. ಹದಿನಾರು ವರ್ಷದ ಹಿಂದಿನದು ಯಾರು ನೋಡುತ್ತಾರೆ?" ನಾನು ನಕ್ಕೆ. ಅರವತ್ತು ವರ್ಷದ ಹಿಂದಿನ ಫೇರಫಾರ್ (ಜಮೀನಿನ ಹಕ್ಕು ಬದಲಾವಣೆಯ ದಾಖಲೆ) ನೋಡಿ ಉತಾರದ (ಪಹಣಿಯ) ಹೆಸರು ತಡೆಹಿಡಿದವನಿಗೆ ಹೇಳುವ ಮಾತೇ ಅದು? ಸರ್ಕಾರಿ ಕಡತಕ್ಕೆ ವಯಸ್ಸಾಗುವುದಿಲ್ಲ. ಅವರದೇ ಸರ್ಕಾರಕ್ಕೆ ಸಲ್ಲಿಸಿದ ಅರ್ಜಿ ಅವರ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ: ಅವರ ವಲಸೆ ಕಾಯ್ದೆಯ 212ನೇ ಕಲಂ ಪ್ರಕಾರ, ವೀಸಾಕ್ಕಾಗಿ ಮಹತ್ವದ ಸಂಗತಿಯನ್ನು ಬೇಕೆಂದೇ ಸುಳ್ಳು ಹೇಳಿದವನಿಗೆ ಜೀವನಪೂರ್ತಿ ಬಾಗಿಲು ಮುಚ್ಚಬಹುದು. ಇವತ್ತಿನ ನಿರಾಕರಣೆಯಾದರೆ ನಾಳೆ ಮತ್ತೆ ಅರ್ಜಿ ಹಾಕಬಹುದು.

ಒಮ್ಮೆ ಸಲ್ಲಿಸಿದ ಡಿಎಸ್-160 ತಿದ್ದಲು ಬರುವುದಿಲ್ಲ, ಹೊಸದೇ ತುಂಬಬೇಕು. ಇಪ್ಪತ್ತು ನಿಮಿಷ ಕೈಯಾಡಿಸದಿದ್ದರೆ ಆ ಜಾಲತಾಣ ನಮ್ಮನ್ನು ಹೊರಗೆ ಹಾಕುತ್ತದೆ. ಎರಡು ರಾತ್ರಿ ನನ್ನನ್ನು ಐದಾರು ಸಲ ಹಾಕಿತು. ಇವಳ ಅರ್ಜಿಯಲ್ಲಿ ಹೌದು ಎಂದೆ. ನನ್ನದರಲ್ಲಿ ಸ್ವಲ್ಪ ತಡೆದೆ. ಅರ್ಜಿ ಇರುವುದು ಅವಳ ಹೆಸರಿನಲ್ಲಿ, ಆದರೆ ಅವಳ ಪಾಳಿ ಬಂದರೆ ಗಂಡನಾಗಿ ನನಗೂ ಅದರ ಬೆನ್ನಿಗೇ ಬರುತ್ತದೆ. ನನ್ನದರಲ್ಲೂ ಹೌದು ಎಂದು ಹಾಕಿ ಕೆಳಗೆ ಎರಡು ಸಾಲು ವಿವರಣೆ ಬರೆದೆ. ಹೊಸ ಅರ್ಜಿಯ ಸಂಖ್ಯೆಯನ್ನು ಸಂದರ್ಶನದ ಖಾತೆಯಲ್ಲಿ ಬದಲಿಸುವುದನ್ನೂ ಮರೆಯಲಿಲ್ಲ. ಮರೆತವರು ಬಾಗಿಲಿನಿಂದಲೇ ಹಿಂದಿರುಗಿದ ಕಥೆ ಕೇಳಿದ್ದೆ.

ಧಾರವಾಡದಿಂದ ಬೆಂಗಳೂರಿಗೆ ವಂದೇ ಭಾರತ್, ಅಲ್ಲಿಂದ ಚೆನ್ನೈ. ಸಂದರ್ಶನದ ಹಿಂದಿನ ದಿನ ಬೇರೊಂದು ಕೇಂದ್ರದಲ್ಲಿ ಫೋಟೋ, ಹತ್ತೂ ಬೆರಳಿನ ಗುರುತು. ನನ್ನದು ಅರ್ಧ ನಿಮಿಷ. ಇವಳ ಬೆರಳು ಯಂತ್ರಕ್ಕೆ ಕಾಣಲೊಲ್ಲದು. ಒರೆಸಿದರು, ಒತ್ತಿಸಿದರು, ಮತ್ತೆ ಒರೆಸಿದರು. ನಾಲ್ಕನೆಯ ಸಲಕ್ಕೆ ಅಲ್ಲಿನ ಹುಡುಗಿ ತಾನೇ ಇವಳ ಬೆರಳುಗಳ ಮೇಲೆ ತನ್ನ ಅಂಗೈ ಇಟ್ಟು ಒತ್ತಿ ಹಿಡಿದಳು. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದು ಬೆರಳ ತುದಿಯ ಗೆರೆಗಳೆಲ್ಲ ಸವೆದು ನುಣುಪಾಗಿವೆ ಎಂಬುದನ್ನು ಆ ದಿನವೇ ನಾನು ಮೊದಲ ಬಾರಿಗೆ ನೋಡಿದ್ದು.

ಮರುದಿನ ಅಣ್ಣಾ ಸಾಲೈ, ಜೆಮಿನಿ ಸರ್ಕಲ್ಲಿನ ಕಾನ್ಸುಲೇಟ್. ಮೊಬೈಲ್ ಒಳಗೆ ಬಿಡುವುದಿಲ್ಲ. ನನ್ನ ಕಂಕುಳಲ್ಲಿ ಎರಡು ಸೇರು ತೂಗುವ ಕಡತ: ಉತಾರ, ಮನೆಯ ಖಾತೆ, ಪಿಂಚಣಿ ಆದೇಶ, ಠೇವಣಿ ರಸೀದಿ, ಮಗನ ಸಂಬಳದ ಚೀಟಿ, ಅವನ ವೀಸಾ ಮಂಜೂರಾತಿಯ ಪತ್ರ. ಪುಟ ಸಂಖ್ಯೆ ಹಾಕಿ, ಮುಂದೆ ಅನುಕ್ರಮಣಿಕೆ ಬೇರೆ ಲಗತ್ತಿಸಿದ್ದೆ. ಕಿಟಕಿಯ ಆಚೆ ಮೂವತ್ತರ ಆಸುಪಾಸಿನ ಅಧಿಕಾರಿ, ಪಕ್ಕದಲ್ಲಿ ಕನ್ನಡ ಬಲ್ಲ ಹೆಣ್ಣುಮಗಳು. ಮಗ ಏನು ಮಾಡುತ್ತಾನೆ, ಯಾವ ವೀಸಾ, ಎಷ್ಟು ದಿನ ಇರುತ್ತೀರಿ? ಉತ್ತರ ಸರಾಗ. ಆಮೇಲೆ ಅವನು ಪರದೆ ನೋಡಿ, ನಿಮ್ಮ ಸಹೋದರ ಅರ್ಜಿ ಹಾಕಿದ್ದಾರಲ್ಲ ಎಂದ.

ಪ್ರಶ್ನೆ ಅವಳಿಗೆ, ಉತ್ತರ ಕೊಟ್ಟವನು ನಾನು. 2008ರಿಂದ ಹಿಡಿದು ಟಿಪ್ಪಣಿ ಮಂಡಿಸುವ ಧಾಟಿಯಲ್ಲಿ ಶುರು ಮಾಡಿದೆ. ಅದು ಅವನ ಆಸೆ, ನಮ್ಮದಲ್ಲ, ಪಾಳಿ ಬಂದರೂ ಆಗ ನೋಡುವ ಮಾತು, ಹೀಗೆ. ಅಧಿಕಾರಿ ಕೈಯೆತ್ತಿ ನನ್ನನ್ನು ನಿಲ್ಲಿಸಿ ಇವಳ ಕಡೆ ತಿರುಗಿದ. ಪಕ್ಕದ ಹೆಣ್ಣುಮಗಳು ಕನ್ನಡದಲ್ಲಿ ಕೇಳಿದಳು: "ಅಮ್ಮಾ, ನಿಮಗೆ ಅಮೆರಿಕದಲ್ಲಿ ಇರುವ ಆಸೆ ಇದೆಯೇ?"

ಇವಳು ಒಂದು ಕ್ಷಣವೂ ತಡೆಯಲಿಲ್ಲ. "ಮಗ ಅಲ್ಲಿದ್ದಾನೆ, ತಮ್ಮ ಅಲ್ಲಿದ್ದಾನೆ. ತಾಯಿಗೆ ಆಸೆ ಇರುವುದಿಲ್ಲವೇನವ್ವ?"

ಆ ಹೆಣ್ಣುಮಗಳ ಮುಖದಲ್ಲಿ ಒಂದು ಸಣ್ಣ ತಡವರಿಕೆ ಕಂಡೆ. ಪ್ರಶ್ನೆಯ ರೂಪದ ಆ ಉತ್ತರವನ್ನು ಅವಳು ಇಂಗ್ಲಿಷಿನಲ್ಲಿ ಎರಡೇ ಮಾತಿಗೆ ಇಳಿಸಿದಳು: ಹೌದು, ಆಸೆ ಇದೆ. ತಪ್ಪೆಂದು ಹೇಳಲಾರೆ. ಸರಿಯೆಂದೂ ಹೇಳಲಾರೆ.

ಪಾಸ್‌ಪೋರ್ಟುಗಳು ಕಿಟಕಿಯ ಕೆಳಗಿನಿಂದ ಹಿಂದಕ್ಕೆ ಬಂದವು, ಜೊತೆಗೆ ಒಂದು ಹಾಳೆ. ಕಲಂ 214(ಬಿ) ಪ್ರಕಾರ ವೀಸಾ ನಿರಾಕರಣೆ. ನನ್ನ ಕಡತದ ದಾರ ಬಿಚ್ಚಿರಲಿಲ್ಲ.

ಊರಿಗೆ ಬಂದ ಮೇಲೆ ಆ ಕಲಮನ್ನು ನಾನು ಮತ್ತೆ ಮತ್ತೆ ಓದಿದೆ. ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬನೂ ಅಲ್ಲೇ ನೆಲೆಸಲು ಬಂದವನೆಂದು ಕಾಯ್ದೆ ಮೊದಲೇ ಊಹಿಸಿಕೊಳ್ಳುತ್ತದೆ. ಅಲ್ಲವೆಂದು ಅಧಿಕಾರಿಗೆ ಮನಗಾಣಿಸುವ ಹೊಣೆ ಅರ್ಜಿದಾರನದು. ವಲಸೆ ಅರ್ಜಿ ಬಾಕಿ ಇದೆ ಎಂಬುದೊಂದರಿಂದಲೇ ಪ್ರವಾಸಿ ವೀಸಾ ನಿರಾಕರಿಸಬೇಕೆಂದು ಎಲ್ಲಿಯೂ ಇಲ್ಲ. ಎಂದೋ ಒಂದು ದಿನ ಪಾಳಿ ಬಂದಾಗ ಹೋಗಬೇಕೆನ್ನುವುದು ಬೇರೆ, ಈ ಸಲ ಹೋದವನು ಮರಳುವುದು ಬೇರೆ. ಅವರು ಕೇಳುವುದು ಎರಡನೆಯದನ್ನು. ನಾನು ಕಿಟಕಿಯ ಮುಂದೆ ಮೊದಲನೆಯದನ್ನು ಅಲ್ಲಗಳೆಯುತ್ತ ನಿಂತಿದ್ದೆ, ಎರಡನೆಯದರ ಬಗ್ಗೆ ನಾವಿಬ್ಬರೂ ಬಾಯಿ ಬಿಡಲಿಲ್ಲ. ಇದು ನನ್ನ ಲೆಕ್ಕಾಚಾರ. ಆ ಹಾಳೆಯಲ್ಲಿ ಕಾರಣ ಬರೆದಿರುವುದಿಲ್ಲ.

ಇವಳು ಎರಡು ವಾರ ಮಾತಾಡಲಿಲ್ಲ. ಆಮೇಲೆ ಒಂದು ಸಂಜೆ, "ನಾನು ಸುಳ್ಳು ಹೇಳಬೇಕಿತ್ತೇ?" ಎಂದು ಕೇಳಿದಳು. ಬೇಡ ಎಂದೆ.

ಸಲಹೆಗಳಿಗೆ ಬರವಿರಲಿಲ್ಲ. ಥೈಲ್ಯಾಂಡಿಗೋ ದುಬೈಗೋ ಹೋಗಿ ಪಾಸ್‌ಪೋರ್ಟಿನ ಮೇಲೆ ಶಿಕ್ಕಾ ಹಾಕಿಸಿಕೊಂಡು ಬನ್ನಿ, ಮರಳಿ ಬರುವವರೆಂದು ಸಾಬೀತಾಗುತ್ತದೆ ಎಂದ ಏಜೆಂಟ್. ನಾವು ಕಾಶಿಗೆ ಹೋಗಿ ಬಂದೆವು. ಅಲ್ಲಿ ಶಿಕ್ಕಾ ಹಾಕುವುದಿಲ್ಲ. 2025ರ ಜನವರಿ 17ರಂದು ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ತೆರೆಯಿತೆಂದು ಪತ್ರಿಕೆಯಲ್ಲಿ ಬಂದಾಗ ಬಂಧುಗಳು ಫೋನ್ ಮಾಡಿ ಅಭಿನಂದಿಸಿದರು. ತೆರೆದದ್ದು ನಿಜ, ವೀಸಾ ಕೊಡುವ ಕೆಲಸ ಇನ್ನೂ ಶುರುವಾಗಿರಲಿಲ್ಲ. ಮತ್ತೆ ತಲೆಗೆ 185 ಡಾಲರ್, ಮತ್ತೆ ಚೆನ್ನೈ. ಮಗ ರಾತ್ರಿಯೆಲ್ಲ ಎದ್ದು ಕುಳಿತು ದಿನಾಂಕ ಹುಡುಕಿ ಏಪ್ರಿಲ್ ತಿಂಗಳಿನದೊಂದು ಹಿಡಿದ. ಹೊಸ ಅರ್ಜಿಯಲ್ಲಿ ಈಗ ಹೌದು ಎನ್ನಬೇಕಾದ ಪ್ರಶ್ನೆ ಇನ್ನೊಂದು: ಹಿಂದೆ ವೀಸಾ ನಿರಾಕರಣೆಯಾಗಿದೆಯೇ?

ಈ ನಡುವೆ ಹಾವೇರಿಯಿಂದ ಸುದ್ದಿ ಬಂದಿತ್ತು. ಮಗಳಿಗೆ ಎರಡನೆಯದು, ಸೆಪ್ಟೆಂಬರಿನಲ್ಲಿ ದಿನ.

ಈ ಸಲ ನಾನು ಒಂದೇ ಪಣ ತೊಟ್ಟಿದ್ದೆ, ಕೇಳಿದ್ದಕ್ಕಷ್ಟೇ ಬಾಯಿ ತೆರೆಯುವುದು. ಕಿಟಕಿಯಲ್ಲಿ ನಡುವಯಸ್ಸಿನ ಹೆಂಗಸು, ಪಕ್ಕದಲ್ಲಿ ಬೇರೆ ದುಭಾಷಿ. ಹಳೆಯ ಅರ್ಜಿಯನ್ನೂ ಹೊಸದನ್ನೂ ಪರದೆಯ ಮೇಲೆ ನೋಡುತ್ತಿದ್ದಳೆಂದು ತೋರುತ್ತದೆ. ಎರಡರಲ್ಲೂ ಒಂದೇ ಉತ್ತರ. ತಮ್ಮನ ಅರ್ಜಿಯ ಬಗ್ಗೆ ಕೇಳಿದಳು. "ಹೌದು, 2008ರಲ್ಲಿ. ಪಾಳಿ ಬಂದಿಲ್ಲ" ಎಂದೆ, ನಿಲ್ಲಿಸಿದೆ. ನಾಲಿಗೆ ತುದಿಗೆ ಬಂದ ಉಳಿದ ಟಿಪ್ಪಣಿಯನ್ನು ನುಂಗಿದೆ. ಆಮೇಲೆ ಇವಳನ್ನು ಕೇಳಿದಳು, ಯಾವಾಗ ಮರಳುತ್ತೀರಿ?

"ಶ್ರಾವಣ ಮುಗಿಯುವುದರೊಳಗೆ. ಮಗಳ ಬಾಣಂತನ ಇದೆ."

ದುಭಾಷಿ ಶ್ರಾವಣವನ್ನು ಆಗಸ್ಟ್ ಮಾಡಿದ. ಬಾಣಂತನಕ್ಕೆ ಅವನು ನಾಲ್ಕೈದು ವಾಕ್ಯ ಹೇಳಬೇಕಾಯಿತು. ಮಗಳು ಎಲ್ಲಿದ್ದಾಳೆ, ಅದು ಎಷ್ಟು ದೂರ ಎಂದೆಲ್ಲ ಆಕೆ ಕೇಳಿದಳು. ಇವಳು ಇನ್ನೂ ಹೇಳುತ್ತಲೇ ಇದ್ದಳು, ಅಂಟಿನ ಉಂಡೆಯ ಸಾಮಾನು, ಎಣ್ಣೆ-ನೀರು, ಮೊದಲನೆಯ ಹೆರಿಗೆಯಲ್ಲಿ ಮಗಳಿಗಾದ ತ್ರಾಸು. ಆಕೆ ಟೈಪ್ ಮಾಡಿ ಮುಗಿಸಿ ಪಾಸ್‌ಪೋರ್ಟುಗಳನ್ನು ತನ್ನ ಕಡೆಯ ಬುಟ್ಟಿಗೆ ಹಾಕಿಕೊಂಡಳು. ವೀಸಾ ಮಂಜೂರು ಎಂದಳು. ಕಡತದ ದಾರ ಈ ಸಲವೂ ಬಿಚ್ಚಲಿಲ್ಲ.

ಪಾಸ್‌ಪೋರ್ಟು ಕೈಗೆ ಬಂದಾಗ ನೋಡಿದರೆ ಹತ್ತು ವರ್ಷದ ವೀಸಾ. ಪ್ರತಿ ಸಲ ಎಷ್ಟು ದಿನ ಇರಬಹುದೆಂದು ಗುರುತು ಹಾಕುವವರು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿಗಳು. ಸಾಮಾನ್ಯವಾಗಿ ಆರು ತಿಂಗಳು. ನಾವು ಮೇ ತಿಂಗಳ ಟಿಕೆಟ್ ಮಾಡಿಸಿದೆವು, ಆಗಸ್ಟ್ ಎರಡನೆಯ ವಾರ ಮರಳಲು. ಇವಳು ತನ್ನ ಪುಟವನ್ನು ಕನ್ನಡಕ ಏರಿಸಿ ನೋಡಿ, ಎಫ್‌ಎನ್‌ಯು ಇದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಂಡಳು.

ಹೊರಡುವ ವಾರ ಸ್ಯಾನ್ ಹೋಸೆಯಿಂದ ಫೋನ್ ಬಂತು. ತನ್ನಿಂದ ಒಂದು ವರ್ಷ ಹಾಳಾಯಿತೆಂಬ ಸಂಕಟ ಅವನಿಗೆ. "ಅಕ್ಕಾ, ಆ ಹಳೆಯ ಅರ್ಜಿ ವಾಪಸು ತೆಗೆದುಬಿಡಲೇ? ಮುಂದೆಂದೂ ತೊಂದರೆ ಬೇಡ."

ಇವಳು ಅಂಟಿನ ಉಂಡೆ ಕಟ್ಟುತ್ತಿದ್ದಳು, ಫೋನ್ ನಾನು ಅವಳ ಕಿವಿಗೆ ಹಿಡಿದಿದ್ದೆ.

"ಇರಲಿ ಬಿಡೋ" ಎಂದಳು. "ಇಟ್ಟ ಡಬ್ಬಿ ಯಾರಾದರೂ ಎತ್ತುತ್ತಾರೆಯೇ?"